ಘ್ರಾಣೇಂದ್ರಿಯದ ಮಾನಾಪಮಾನ

ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ವಿದಿತವಿರುವಂತೆ ರೂಪವು ಏಳು ಬಗೆ, ರಸವು ಆರು ಬಗೆ. ಗಂಧವಾದರೋ ಸುರಭಿ, ಅಸುರಭಿ ಎಂದು ಎರಡೇ. ಗಂಧವನ್ನು ಪೃಥ್ವಿಯ ವಿಶೇಷಗುಣವೆಂದು ಗೌರವಿಸಿದ ನೈಯಾಯಿಕರು ಅದರ ಭೇದಗಳನ್ನೆಣಿಸುವಲ್ಲಿ ಕೈ ಬಿಗಿಹಿಡಿದರು. ಮಲ್ಲಿಗೆಗೂ ಕೇದಗೆಗೂ ಇರುವ ಅಂತರವು ಅವರ ಲೆಕ್ಕಕ್ಕೆ ಬರಲಿಲ್ಲ.

ಗಂಧಿಗರ ಲೆಕ್ಕವೇ ಬೇರೆ. ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿ ಪ್ರಕರಣದಲ್ಲಿ, 16 ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1820 ಸಂಯೋಗಗಳಾಗುವುವೆಂದು ಗಣಿಸಿರುವನು. ಭಾಗಪ್ರಮಾಣಗಳನ್ನು ಬದಲಿಸಿದರೆ ಸಂಖ್ಯೆಯು ಇನ್ನೂ ಅನೇಕ ಮಡಿಯಾಗುವುದು. ಕನ್ನಡದಲ್ಲಿಯೂ 11ನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವು ಸುಗಂಧಗಳ ತಯಾರಿಕೆಗೆ ಸ್ಥಳ ಕೊಟ್ಟಿದೆ.

ನಮ್ಮಲ್ಲಿ ಈ ಇಂದ್ರಿಯವನ್ನು ತಾರ್ಕಿಕರು ಸಂಕ್ಷೇಪಿಸಿದರು, ಅಷ್ಟೆ. ಯೂರೋಪಿನಲ್ಲಿ ಅದಕ್ಕೆ ಅಪಮಾನವೇ ಆಯಿತು. ಇಂದ್ರಿಯಗಳೊಳಗೆ ಇಲ್ಲದಿದ್ದರೂ ನಡೆಯುವಂಥದು ಘ್ರಾಣವೇ ಎಂದು ಜರ್ಮನಿಯ ತತ್ತ್ವಜ್ಞ ಕಾಂಟನು 1798ರಲ್ಲಿ ನಿರ್ಣಯಿಸಿದನು. 1879ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ, ಮಿದುಳಿನ ಗಾತ್ರಕ್ಕೆ ಹೋಲಿಸಿದರೆ ಮನುಷ್ಯನ ಘ್ರಾಣಪಿಂಡವು ಅತ್ಯಲ್ಪವೆಂದು ಕಂಡು, ಅವನನ್ನು ಘ್ರಾಣಹೀನ ಪ್ರಾಣಿಗಳ ವರ್ಗಕ್ಕೆ ಸೇರಿಸಿದನು. ಮೂಸಿ ನೋಡುವ ಶಕ್ತಿಯನ್ನು ಪರೀಕ್ಷಿಸದೆ ಕೊಟ್ಟ ತೀರ್ಪಿದು! ಆದರೂ ಪಠ್ಯಪುಸ್ತಕಗಳು ಶತಮಾನಕ್ಕೂ ಮೀರಿ ಇದನ್ನೇ ಒಪ್ಪಿಸುತ್ತ ಬಂದವು. ಪಿಂಡದ ನರಕಣಗಳ ಸಂಖ್ಯೆಯಲ್ಲಿ ಮನುಷ್ಯನು ಇತರ ಸಸ್ತನಿಗಳಿಗೆ ಅಷ್ಟೇನೂ ಹಿಂದಿಲ್ಲವೆಂದು ಅಮೆರಿಕದ ಜಾನ್ ಮೆಕ್‌ಗ್ಯಾನ್ 2017ರಲ್ಲಿ ಎತ್ತಿ ತೋರಿಸಿದರು.

ಅದಕ್ಕೆ ಮೊದಲೇ, 1991ರಲ್ಲಿ, ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಗಂಧಗ್ರಾಹಕಗಳನ್ನು ನಿರ್ಮಿಸುವ ಜೀನುಗಳ ದೊಡ್ಡ ಕುಲವೊಂದನ್ನು ಇಲಿಗಳಲ್ಲಿ ಕಂಡುಹಿಡಿದಿದ್ದರು. 2004ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಬಂದಿತು. ಮನುಷ್ಯನ ಮೂಗಿನಲ್ಲಿ ಇಂಥ ಗ್ರಾಹಕಗಳು ಸುಮಾರು 400 ಬಗೆ. ಒಂದು ಗಂಧವು ಹಲವು ಗ್ರಾಹಕಗಳನ್ನು ಎಚ್ಚರಿಸುತ್ತದೆ, ಒಂದು ಗ್ರಾಹಕವು ಹಲವು ಗಂಧಗಳಿಗೆ ಓಗೊಡುತ್ತದೆ ಎಂಬುದು 1999ರಲ್ಲಿ ಸ್ಪಷ್ಟವಾಯಿತು. ಕೆಲವೇ ಅಕ್ಷರಗಳಿಂದ ಅಸಂಖ್ಯ ಪದಗಳಾಗುವಂತೆ ಗಂಧಭೇದಗಳೂ ಸಂಯೋಗದಿಂದಲೇ ತಿಳಿದುಬರುತ್ತವೆ. ವರಾಹಮಿಹಿರನು ಇದನ್ನು ಮುಂಗಂಡಿದ್ದನೆಂದು ಬೀಗುವುದು ಸಲ್ಲದು. ಆತನು ಎಣಿಸಿದುದು ದ್ರವ್ಯಗಳನ್ನು, ನರಕಣಗಳನ್ನಲ್ಲ. ಆದರೆ ಗಂಧದ ವೈವಿಧ್ಯಕ್ಕೆ ಎರಡರ ಪಟ್ಟಿಗಿಂತ ಸಂಯೋಗದ ಗಣಿತವೇ ತಕ್ಕುದೆಂಬುದನ್ನು ಆತನ ಲೆಕ್ಕವು ಬಿಟ್ಟುಕೊಡಲಿಲ್ಲ.

ಕಾಂಟನ ನಿರ್ಣಯವು 2020ರಲ್ಲಿ ಮನೆಮನೆಗಳಲ್ಲಿ ಪರೀಕ್ಷೆಗೆ ಬಂದಿತು. ಕೋವಿಡ್ ರೋಗದಿಂದ ಘ್ರಾಣಶಕ್ತಿಯನ್ನು ಕಳೆದುಕೊಂಡವರಿಗೆ ಒಲೆಯ ಮೇಲೆ ಅನ್ನ ಸೀದುದು ತಿಳಿಯಲಿಲ್ಲ, ಸೋರುವ ಅನಿಲದ ವಾಸನೆ ಹತ್ತಲಿಲ್ಲ. ಒಗ್ಗರಣೆಯಿಟ್ಟ ಸಾರು ಬರಿಯ ಉಪ್ಪುಹುಳಿಯ ನೀರಾಯಿತು. ಬಹುಮಂದಿಗೆ ಕೆಲವು ವಾರಗಳಲ್ಲಿ ಶಕ್ತಿಯು ಮರಳಿತು. ಮರಳದವರಿಗೆ ವೈದ್ಯರು ಹೇಳಿದ ಅಭ್ಯಾಸವು ಬಹು ಸರಳ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಂಬ ನಾಲ್ಕು ಗಂಧಗಳನ್ನು ಬೆಳಗ್ಗೆ ಸಂಜೆ, ತಿಂಗಳುಗಟ್ಟಲೆ, ಒಂದೊಂದಾಗಿ ಮೂಸುವುದು.