ಓದು ಪ್ರಾರ್ಥನೆಯಾಗುವುದು ಯಾವ ಭಾಷೆಯಲ್ಲಿ?

ಬೈಬಲನ್ನು ಪಾಠದ ಪುಸ್ತಕದ ಹಾಗೆ ಓದದೆ ಪ್ರಾರ್ಥನೆಯ ಹಾಗೆ ಓದುವುದು ಹೇಗೆ? ಹದಿಹರೆಯದ ಹುಡುಗರಿಗೆ ಇದನ್ನು ಹೇಳಿಕೊಡುವುದು ಇವತ್ತಿನ ತಲೆನೋವು ಅಂದುಕೊಂಡಿದ್ದೆ. ಹುಡುಕುತ್ತಾ ಹೋದರೆ ಇದಕ್ಕೆ ದೊಡ್ಡ ಇತಿಹಾಸವೇ ಇದೆ!

12ನೇ ಶತಮಾನದ ಫ್ರಾನ್ಸಿನಲ್ಲಿ ಎರಡನೇ ಗೀಗೋ ಅಂತ ಒಬ್ಬ ಸನ್ಯಾಸಿ ಇದ್ದ. ಆತ ಈ ಓದನ್ನು ನಾಲ್ಕು ಮೆಟ್ಟಿಲ ಏಣಿ ಅಂದ: ಓದು, ಮನನ, ಪ್ರಾರ್ಥನೆ, ಧ್ಯಾನ. ಓದು ಅಂದರೆ ಬಾಯಿಗೆ ತುತ್ತು ಹಾಕಿದ ಹಾಗೆ, ಮನನ ಅಂದರೆ ಅದನ್ನು ಅಗಿದ ಹಾಗೆ. ನಮ್ಮ 'ಮೆಲುಕು ಹಾಕುವುದು' ಅನ್ನುವ ಮಾತು ಇದೇ ಅಲ್ಲವೇ? ಆದರೆ ಅದು ಲ್ಯಾಟಿನ್ ಬಲ್ಲ ಸನ್ಯಾಸಿಗಳ ಮಾತಾಯಿತು. ಮಕ್ಕಳ ಗತಿ?

ಇಂಗ್ಲೆಂಡಿನ ಕೆಸ್ವಿಕ್ ಊರಿನ ಆ್ಯನಿ ಮಾರ್ಸ್‌ಟನ್ ಭಾನುವಾರದ ಶಾಲೆಯ ಟೀಚರ್. ದಿನಾ ಯಾವ ಭಾಗ ಓದಬೇಕು ಅಂತ ಹುಡುಗಿಯರು ಕೇಳಿದಾಗ ಕೈಯಲ್ಲೇ ಪಟ್ಟಿ ಬರೆದು ಕೊಡುತ್ತಿದ್ದರು. ಕೇಳುವವರು ಹೆಚ್ಚಾದಾಗ ಅದನ್ನು ಅಚ್ಚು ಹಾಕಿಸಬೇಕಾಯಿತು. 1879ರಲ್ಲಿ ಶುರುವಾದ ಸ್ಕ್ರಿಪ್ಚರ್ ಯೂನಿಯನ್ನಿನ ದಿನದ ಓದು ಹುಟ್ಟಿದ್ದು ಹೀಗೆ. ದಿನಕ್ಕೆ ಸ್ವಲ್ಪವೇ, ಆದರೆ ದಿನಾ.

ಅಷ್ಟರಲ್ಲಾಗಲೇ ಕನ್ನಡದಲ್ಲಿ ದೊಡ್ಡ ಕೆಲಸವೊಂದು ಆಗಿತ್ತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಅನುವಾದಕ್ಕೆ ಕೂತರು. ವಿಲಿಯಂ ರೀವ್ ಜೊತೆಯಾದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ನಿಘಂಟಿನಿಂದ ನಮಗೆಲ್ಲ ಗೊತ್ತಿರುವ ಕಿಟ್ಟೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿಗೇ ತಂದರು. ಜೈಮಿನಿ ಭಾರತವನ್ನು ರಾಗವಾಗಿ ಓದಿಸಿ ಕೇಳುತ್ತಿದ್ದ ಜನರಿಗೆ ಪದ್ಯ ಹತ್ತಿರ ಅಂತ ಅವರಿಗೆ ಗೊತ್ತಿತ್ತು.

ಕ್ಯಾಥೊಲಿಕರಲ್ಲಿ ದೊಡ್ಡ ತಿರುವು ಬಂದಿದ್ದು ಎರಡನೇ ವ್ಯಾಟಿಕನ್ ಮಹಾಸಭೆಯಿಂದ. ಪೂಜೆ ಜನರ ಭಾಷೆಗೆ ಇಳಿಯಿತು. ಎಲ್ಲ ವಿಶ್ವಾಸಿಗಳೂ ಬೈಬಲ್ ಓದಲಿ, ಓದಿನ ಜೊತೆ ಪ್ರಾರ್ಥನೆಯೂ ಇರಲಿ ಅಂತ 1965ರಲ್ಲಿ ಮಹಾಸಭೆ ಹೇಳಿತು. ಎರಡೇ ವರ್ಷದಲ್ಲಿ, 1967ರಲ್ಲಿ, ಬೆಂಗಳೂರಿನಲ್ಲಿ ಫಾದರ್ ಡಿ. ಎಸ್. ಅಮಲೋರ್ಪವದಾಸ್ ಎನ್‌ಬಿಸಿಎಲ್‌ಸಿ ಕೇಂದ್ರ ಕಟ್ಟಿದರು. ಬೈಬಲ್, ಧರ್ಮೋಪದೇಶ, ಆರಾಧನೆ ಮೂರನ್ನೂ ಈ ನೆಲಕ್ಕೆ ಒಗ್ಗಿಸುವುದು ಅದರ ಕೆಲಸ.

ಇಷ್ಟೆಲ್ಲ ಜನ ಒದ್ದಾಡಿದ್ದು ಒಂದೇ ಕಾರಣಕ್ಕೆ: ಮನಸ್ಸು ಮಾತಾಡುವ ಭಾಷೆಯಲ್ಲೇ ಓದೂ ಸಿಗಲಿ ಅಂತ.

ಈಗ ನಮ್ಮ ಕಡೆ ನೋಡಿ. ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಿಂದ ವೈಟ್‌ಫೀಲ್ಡ್ ಹತ್ತಿರ. ನನ್ನಂಥವರು ಸಾಫ್ಟ್‌ವೇರ್ ಕೆಲಸಕ್ಕೆ ಆ ಕಡೆ ಹೋದರೆ, ಮಕ್ಕಳು ಇಂಗ್ಲಿಷ್ ಮೀಡಿಯಂ ಬಸ್ಸು ಹತ್ತುತ್ತಾರೆ. ನನ್ನ ಜೊತೆ ಬೈಬಲ್ ಓದಲು ಕೂರುವ ಪಿಯುಸಿ ಹುಡುಗಿಯೊಬ್ಬಳು ಒಮ್ಮೆ ಅಂದಳು, "ಅಣ್ಣಾ, ಓದೋದು ಇಂಗ್ಲಿಷಲ್ಲಿ, ಅಳು ಬಂದಾಗ ದೇವರ ಹತ್ರ ಮಾತಾಡೋದು ಕನ್ನಡದಲ್ಲಿ. ಎರಡೂ ಸೇರೋದೇ ಇಲ್ಲ."

ಅವತ್ತು 23ನೇ ಕೀರ್ತನೆಯನ್ನು ಕನ್ನಡದಲ್ಲಿ ಓದಿಸಿದೆ. ಅಕ್ಷರ ಕೂಡಿಸಿಕೊಂಡು, ತಡವರಿಸುತ್ತಾ ಓದಿದರು. ಇಂಗ್ಲಿಷಿನ 'ಶೆಫರ್ಡ್' ಅವರಿಗೆ ಕ್ರಿಸ್ಮಸ್ ಕಾರ್ಡಿನ ಚಿತ್ರ. ಕನ್ನಡದ 'ಕುರುಬ' ಹಾಗಲ್ಲ. ಬಿಸಿಲಲ್ಲಿ ಕಂಬಳಿ ಹೊದ್ದು, ಕುಂಟುವ ಮರಿಯನ್ನು ಎತ್ತಿಕೊಂಡು ಹೋಗುವವನನ್ನು ಅವರು ಕಣ್ಣಾರೆ ಕಂಡಿದ್ದಾರೆ. ಆ ಒಂದು ಪದಕ್ಕೇ ಎಲ್ಲರೂ ನಿಂತರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ತಡವರಿಸಿ ಓದುವುದರಲ್ಲೂ ಒಂದು ಲಾಭ ಇದೆ ನೋಡಿ, ಅವಸರ ಮಾಡೋಕೆ ಆಗಲ್ಲ :) ಗೀಗೋ ಕೇಳಿದ್ದೂ ಅಷ್ಟೇ ತಾನೇ? ಫೋನಿನಲ್ಲಿ ಇಡೀ ಬೈಬಲ್ ಪುಕ್ಕಟೆ ಸಿಗುವ ಕಾಲ ಇದು. ಮಕ್ಕಳಿಗೆ ನಾವು ಕೊಡಬೇಕಾಗಿರುವುದು ಕನ್ನಡ ಅಕ್ಷರ ಮತ್ತು ದಿನಕ್ಕೆ ಹತ್ತು ನಿಮಿಷದ ನಿಧಾನ. ಮನೆಯಲ್ಲಿ ಹದಿಹರೆಯದವರಿದ್ದರೆ ಇವತ್ತು ರಾತ್ರಿ ನಾಲ್ಕೇ ಸಾಲು ಗಟ್ಟಿಯಾಗಿ ಓದಿಸಿ ನೋಡಿ.