ಗರುಡಫಲದ ಎಣ್ಣೆ

ಗರುಡಫಲದ ಎಣ್ಣೆಯು ಪಶ್ಚಿಮ ಘಟ್ಟಗಳ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಬೆಳೆಯುವ ಗರುಡಫಲ ಮರದ ಬೀಜಗಳಿಂದ ತೆಗೆಯುವ ಔಷಧೀಯ ಎಣ್ಣೆ. ಈ ಮರದ ಸಸ್ಯಶಾಸ್ತ್ರೀಯ ಹೆಸರು ಹಿಡ್ನೋಕಾರ್ಪಸ್ ಪೆಂಟಾಂಡ್ರಸ್. ಇದು ಅಕೇರಿಯೇಸೀ ಕುಟುಂಬಕ್ಕೆ ಸೇರಿದೆ. ಸಂಸ್ಕೃತದಲ್ಲಿ ಇದನ್ನು ತುವರಕ ಎನ್ನುತ್ತಾರೆ. ಸಲ್ಫೋನ್ ಔಷಧಿಗಳು ಬರುವ ಮೊದಲು ಕುಷ್ಠರೋಗದ ಚಿಕಿತ್ಸೆಗೆ ಮುಖ್ಯವಾಗಿ ಬಳಕೆಯಲ್ಲಿದ್ದುದು ಈ ಕುಲದ ಮರಗಳ ಎಣ್ಣೆ.

ರಾಸಾಯನಿಕ ಘಟಕಗಳು

ಈ ಎಣ್ಣೆಯ ಮುಖ್ಯ ಘಟಕಗಳು ಹಿಡ್ನೋಕಾರ್ಪಿಕ್ ಆಮ್ಲ ಮತ್ತು ಚಾಲ್‌ಮೂಗ್ರಿಕ್ ಆಮ್ಲ. ಸಾಮಾನ್ಯ ಅಡುಗೆ ಎಣ್ಣೆಗಳ ಮೇದಾಮ್ಲಗಳಲ್ಲಿ ಇಂಗಾಲದ ಪರಮಾಣುಗಳು ನೇರ ಸರಪಳಿಯಾಗಿರುತ್ತವೆ. ಈ ಎರಡು ಆಮ್ಲಗಳಲ್ಲಿ ಮಾತ್ರ ಸರಪಳಿಯ ತುದಿಯಲ್ಲಿ ಐದು ಇಂಗಾಲಗಳ ಉಂಗುರವಿರುತ್ತದೆ. ಬೀಜಗಳಲ್ಲಿ ಹಿಡ್ನೋಕಾರ್ಪಿನ್ ಎಂಬ ಸಂಯುಕ್ತವೂ ಇದೆ.

ಚಿಕಿತ್ಸೆಯ ಇತಿಹಾಸ

ಸುಶ್ರುತ ಸಂಹಿತೆಯು ಕುಷ್ಠದ ಚಿಕಿತ್ಸೆಯಲ್ಲಿ ತುವರಕ ತೈಲವನ್ನು ಹೇಳುತ್ತದೆ. ಆಯುರ್ವೇದದಲ್ಲಿ ಕುಷ್ಠವೆಂಬ ಪದವು ಅನೇಕ ಚರ್ಮರೋಗಗಳನ್ನು ಒಳಗೊಳ್ಳುತ್ತದೆ. 1854ರಲ್ಲಿ ಫ್ರೆಡ್ರಿಕ್ ಜಾನ್ ಮೌಆಟ್ ಎಂಬ ವೈದ್ಯರು ಚಾಲ್‌ಮೂಗ್ರ ಎಣ್ಣೆಯನ್ನು ಪಾಶ್ಚಾತ್ಯ ವೈದ್ಯಲೋಕಕ್ಕೆ ಪರಿಚಯಿಸಿದರು. ಆದರೆ ಎಣ್ಣೆಯನ್ನು ಕುಡಿದರೆ ವಾಕರಿಕೆ ಬರುತ್ತಿತ್ತು. ಚುಚ್ಚುಮದ್ದಾಗಿ ಕೊಟ್ಟರೆ ಅದು ದೇಹದಲ್ಲಿ ಕರಗದೆ ಚರ್ಮದಡಿ ನೋವಿನ ಗಂಟುಗಳಾಗಿ ಉಳಿಯುತ್ತಿತ್ತು. ಹವಾಯಿಯ ರಸಾಯನಶಾಸ್ತ್ರಜ್ಞೆ ಆಲಿಸ್ ಬಾಲ್ ಈ ಆಮ್ಲಗಳನ್ನು ಈಥೈಲ್ ಎಸ್ಟರ್‌ಗಳಾಗಿ ಪರಿವರ್ತಿಸಿ, ಚುಚ್ಚುಮದ್ದಿಗೆ ಒಗ್ಗುವ ತೆಳುವಾದ ರೂಪ ನೀಡಿದರು. ಅವರು 1916ರಲ್ಲಿ, 24ನೆಯ ವಯಸ್ಸಿನಲ್ಲಿ ನಿಧನರಾದರು. ಆರ್ಥರ್ ಡೀನ್ ಈ ಕೆಲಸವನ್ನು ಮುಂದುವರಿಸಿ ಪ್ರಕಟಿಸಿದಾಗ ಬಾಲ್ ಅವರ ಹೆಸರನ್ನು ಉಲ್ಲೇಖಿಸಲಿಲ್ಲ. 1922ರಲ್ಲಿ ಹ್ಯಾರಿ ಹಾಲ್‌ಮನ್ ಎಂಬ ವೈದ್ಯರು ತಮ್ಮ ಲೇಖನದಲ್ಲಿ ಈ ವಿಧಾನವನ್ನು ಬಾಲ್ ಅವರ ಹೆಸರಿನಿಂದಲೇ ಕರೆದರು.

ಇಂದಿನ ಬಳಕೆ ಮತ್ತು ಎಚ್ಚರಿಕೆ

1940ರ ದಶಕದಲ್ಲಿ ಸಲ್ಫೋನ್ ಔಷಧಿಗಳು ಬಂದ ಮೇಲೆ ಕುಷ್ಠರೋಗ ಚಿಕಿತ್ಸೆಯಲ್ಲಿ ಈ ಎಣ್ಣೆಯ ಬಳಕೆ ನಿಂತುಹೋಯಿತು. ಈಗ ಇದು ಆಯುರ್ವೇದದ ಹೊರಲೇಪಗಳಲ್ಲಿ ಬಳಕೆಯಾಗುತ್ತದೆ. ಶುದ್ಧ ಎಣ್ಣೆಯು ಚರ್ಮದಲ್ಲಿ ಉರಿ ಉಂಟುಮಾಡಬಹುದಾದ್ದರಿಂದ ಬೇರೆ ಎಣ್ಣೆಯೊಡನೆ ಬೆರೆಸಿ ಹಚ್ಚುವುದುಂಟು.

ಚರ್ಮದ ಮೇಲೆ ಬಿಳಿಚಿಕೊಂಡ ಅಥವಾ ಕೆಂಪಗಾದ, ಸ್ಪರ್ಶಜ್ಞಾನವಿಲ್ಲದ ಮಚ್ಚೆಯು ಕುಷ್ಠರೋಗದ ಲಕ್ಷಣವಾಗಿರಬಹುದು. ಎಣ್ಣೆ ಹಚ್ಚುತ್ತ ಕಾಲ ಕಳೆದರೆ ನರಗಳಿಗೆ ಶಾಶ್ವತ ಹಾನಿಯಾಗುವ ಸಂಭವವಿದೆ. ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆಯಿಂದ ಈ ರೋಗವು ಪೂರ್ಣವಾಗಿ ಗುಣವಾಗುತ್ತದೆ. ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತವಾಗಿ ದೊರೆಯುತ್ತದೆ.