ಗುಟ್ಟಿನ ಮಾತು ರೇಡಿಯೋಗೆ ಬಂದುದು

ಮೈಗೆ ಜ್ವರ ಬಂದರೆ ನೆರೆಮನೆಯವರಿಗೂ ಹೇಳುವಿರಿ. ಮನಸ್ಸು ಕುಗ್ಗಿದರೆ ಬಾಗಿಲು ಹಾಕಿಕೊಳ್ಳುವಿರಿ, ಅಲ್ಲವೆ? ಹಾಗಿರುವಾಗ ಮನೋವೈದ್ಯರ ಮುಂದೆ ಆಡಿದ ಮಾತನ್ನು ಊರಿಗೆಲ್ಲ ಕೇಳಿಸುವುದುಂಟೆ?

ಉಂಟು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರಾಜರ್ಸ್ ಅವರು ಒಬ್ಬಾತನೊಡನೆ ನಡೆಸಿದ ಎಂಟು ಭೇಟಿಗಳ ಸಂಭಾಷಣೆಯನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಹಿಡಿದಿಟ್ಟು, 1942ರಲ್ಲಿ ಅಕ್ಷರಶಃ ಅಚ್ಚುಹಾಕಿಸಿದರು. ಅದರಲ್ಲಿ ಮಂತ್ರವಿಲ್ಲ, ಮಾಯವಿಲ್ಲ. ಒಬ್ಬ ಹೇಳುತ್ತಾನೆ, ಇನ್ನೊಬ್ಬರು ತಾಳ್ಮೆಯಿಂದ ಕೇಳುತ್ತಾರೆ. ಆದರೆ ಹೇಳಿದಾತನ ಹೆಸರನ್ನು ಮಾತ್ರ ಬದಲಿಸಬೇಕಾಯಿತು.

ಇದಾಗಿ ನಲವತ್ತು ವರ್ಷಕ್ಕೆ, 1982ರಲ್ಲಿ, ಬಿ.ಬಿ.ಸಿ. ರೇಡಿಯೋದಲ್ಲಿ ಮನೋವೈದ್ಯ ಆಂಥೊನಿ ಕ್ಲೇರ್ ಅವರು ಪ್ರಸಿದ್ಧರನ್ನು ಎದುರಿಗೆ ಕೂರಿಸಿಕೊಂಡು ಅವರ ಬಾಲ್ಯ, ಭಯ, ದುಃಖಗಳನ್ನು ಕೆದಕಿ ಕೇಳತೊಡಗಿದರು. ಅದು ಚಿಕಿತ್ಸೆಯಲ್ಲ, ಚಿಕಿತ್ಸೆಯ ಧಾಟಿಯ ಮಾತುಕತೆ. ನಮ್ಮ ದೇಶದ ಅಹಮದ್‌ನಗರದಲ್ಲಿ 1918ರಲ್ಲಿ ಹುಟ್ಟಿದ ಹಾಸ್ಯನಟ ಸ್ಪೈಕ್ ಮಿಲಿಗನ್ ಅಲ್ಲಿಗೆ ಬಂದು ತಮ್ಮ ಮನೋವ್ಯಾಧಿಯ ವಿಚಾರ ಮಾತಾಡಿದರು. ನಾಡನ್ನೇ ನಗಿಸಿದವರು! ಒಬ್ಬ ಗುಮಾಸ್ತ ಹೀಗೆ ಹೇಳಿಕೊಂಡಿದ್ದರೆ ಅವನ ಕೆಲಸ ಉಳಿಯುತ್ತಿತ್ತೆ ಎಂಬುದು ಬೇರೆ ಮಾತು.

1993ರಲ್ಲಿ ಮಿಲಿಗನ್, ಕ್ಲೇರ್ ಇಬ್ಬರೂ ಸೇರಿ ಖಿನ್ನತೆಯ ಮೇಲೆ ಒಂದು ಪುಸ್ತಕ ಬರೆದರು. ರೋಗಿಯ ಹೆಸರು, ವೈದ್ಯರ ಹೆಸರು ಎರಡೂ ಜೊತೆಜೊತೆಗೆ ಅಚ್ಚಾದವು.